ಟೀ ಪೆಟ್ಟಿಗೆಗಳ ರೈಲು

ನಮ್ಮಲ್ಲಿ ರೈಲಿನ ನೆನಪು ಬರೆಯುವವರೆಲ್ಲ ಪ್ಯಾಸೆಂಜರ್ ಗಾಡಿಯವರು. ಕಿಟಕಿ ಪಕ್ಕದ ಸೀಟು, ಕಣ್ಣಿಗೆ ಬಿದ್ದ ಇದ್ದಿಲ ಕಣ, ಮದ್ದೂರಿನ ವಡೆ, ಎದುರು ಕೂತ ಅಪರಿಚಿತರು ಬಿಚ್ಚಿದ ಬುತ್ತಿ, ಹೀಗೆ ಒಂದರ ಹಿಂದೊಂದು ಬರುತ್ತವೆ. ಗೂಡ್ಸ್ ಗಾಡಿಯನ್ನು ನೆನೆದು ನಿಟ್ಟುಸಿರು ಬಿಟ್ಟವರನ್ನು ನಾನು ಕಂಡಿಲ್ಲ. ಚಿಕ್ಕವರಿದ್ದಾಗ ಅದರ ಡಬ್ಬಿಗಳನ್ನು ಎಣಿಸಿರುತ್ತೇವೆ. ದೊಡ್ಡವರಾದ ಮೇಲೆ ಗೇಟಿನ ಮುಂದೆ ಸ್ಕೂಟರ್ ಆಫ್ ಮಾಡಿ ನಿಂತು, ಇದು ಯಾವಾಗ ಮುಗಿಯುತ್ತದೋ ಎಂದು ಶಪಿಸಿರುತ್ತೇವೆ. ಹತ್ತಿ ಇಳಿಯದ ಗಾಡಿಯ ಮೇಲೆ ಮಮತೆ ಹುಟ್ಟುವುದಾದರೂ ಹೇಗೆ?

ನನಗೆ ಹುಟ್ಟಿದೆ. ಅದೂ ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ನೀರುಪಾಲಾದ ಗಾಡಿಯ ಮೇಲೆ. ಕೇರಳದ ಮುನ್ನಾರಿನಲ್ಲಿ 1902ರಿಂದ 1924ರವರೆಗೆ ಇದ್ದ ಕುಂಡಳ ಕಣಿವೆ ರೈಲು ಅದು. ಇಪ್ಪತ್ತೆರಡು ವರ್ಷದ ಆಯಸ್ಸು. ಅಷ್ಟರಲ್ಲಿ ಅದು ಎರಡು ಅವತಾರ ಎತ್ತಿತು: ಮೊದಲು ಒಂಟಿ ಹಳಿಯ ಮೇಲೆ ಎತ್ತು ಎಳೆಯುವ ಗಾಡಿ, ಆಮೇಲೆ ಜೋಡಿ ಹಳಿಯ ಮೇಲೆ ಉಗಿಬಂಡಿ. ಎರಡರಲ್ಲೂ ಅದು ಹೊತ್ತದ್ದು ಮುಖ್ಯವಾಗಿ ಟೀ ಪೆಟ್ಟಿಗೆಗಳನ್ನು.

ಮುನ್ನಾರಿಗೆ ಹೋದವರು ನಲ್ಲತಣ್ಣಿ ಎಸ್ಟೇಟಿನ ಟೀ ಮ್ಯೂಸಿಯಮ್ಮಿಗೆ ಹೋಗಿಯೇ ಹೋಗುತ್ತಾರೆ. ಹಳೆಯ ಟೀ ರೋಲರ್, 1913ರಲ್ಲಿ ಗ್ರಾನೈಟಿನಲ್ಲಿ ಕಡೆದ ಸೂರ್ಯಗಡಿಯಾರ, ದೊರೆಗಳ ಬಂಗಲೆಯ ಮೇಜು ಕುರ್ಚಿ, ಟೆಲಿಫೋನು ಎಲ್ಲ ಅಲ್ಲಿವೆ. ಅವುಗಳ ನಡುವೆ ಕುಂಡಳ ರೈಲಿನ ಒಂದು ಚಕ್ರವನ್ನು ಇಟ್ಟಿದ್ದಾರೆ. ನ್ಯಾರೋಗೇಜಿನ ಚಕ್ರವಾದ್ದರಿಂದ ಗಾತ್ರದಲ್ಲಿ ಸಣ್ಣದು. ಹಳಿಯಿಂದ ಜಾರದಂತೆ ತಡೆಯುವ ಅಂಚು ಒಂದು ಕಡೆಗೆ ಎದ್ದಿದೆ, ಮೈ ಕಪ್ಪಾಗಿದೆ. ನಾನು ಅದರ ಮುಂದೆ ನಿಂತೇಬಿಟ್ಟೆ. ನನ್ನವಳು ಸೂರ್ಯಗಡಿಯಾರವನ್ನೂ ಮುಗಿಸಿ, ಕಾರ್ಖಾನೆಯನ್ನೂ ಮುಗಿಸಿ, ಏಲಕ್ಕಿ ಟೀ ಕುಡಿದು ವಾಪಸು ಬಂದಳು. "ಇನ್ನೂ ಇಲ್ಲೇ ಇದೀರಾ? ಇಂಥವು ನಮ್ಮ ಬೀದಿ ಗುಜರಿ ಅಂಗಡೀಲಿ ರಾಶಿ ಬಿದ್ದಿರ್ತವಲ್ರೀ" ಎಂದಳು. ತೂಕದ ಲೆಕ್ಕದಲ್ಲಿ ಅವಳ ಮಾತು ಸರಿ.

ಈ ಚಕ್ರ ಅಲ್ಲಿಗೆ ಯಾಕೆ ಬಂತು ಎನ್ನುವುದಕ್ಕೆ ಬೆಟ್ಟದ ಕಥೆ ಸ್ವಲ್ಪ ಹೇಳಬೇಕು. 1877ರಲ್ಲಿ ಜಾನ್ ಡೇನಿಯಲ್ ಮನ್ರೋ ಎಂಬಾತ ಪೂಞ್ಞಾರಿನ ಅರಸರಿಂದ ಕಣ್ಣನ್ ದೇವನ್ ಬೆಟ್ಟಗಳನ್ನು ಗೇಣಿಗೆ ಪಡೆದ. ವರ್ಷಕ್ಕೆ 3,000 ರೂಪಾಯಿ ಗೇಣಿ, 5,000 ರೂಪಾಯಿ ಠೇವಣಿ. ಇವತ್ತು ಮುನ್ನಾರಿನ ರೆಸಾರ್ಟಿನಲ್ಲಿ ಒಂದು ಸಂಸಾರ ವಾರಾಂತ್ಯ ಕಳೆದರೆ ಆಗುವ ಬಿಲ್ಲಿನಲ್ಲಿ ಆಗ ಬೆಟ್ಟಸಾಲೇ ಕೈಬದಲಾಯಿತು. ಬೆಟ್ಟಗಳಿಗೆ ಹೆಸರು ಬಂದದ್ದು ಕಣ್ಣನ್, ತೇವನ್ ಎಂಬ ಇಬ್ಬರು ಮುತುವ ಬುಡಕಟ್ಟಿನ ಮುಖಂಡರಿಂದ ಎಂದು ಹೇಳುತ್ತಾರೆ. ಅವರಿಗೆ ಎಷ್ಟು ಸಿಕ್ಕಿತೆಂದು ಕೇಳುವ ಗೋಜಿಗೆ ಹೋಗಬೇಡಿ. ದೊರೆಗಳು ಸಿಂಕೋನಾ, ಕಾಫಿ, ಏಲಕ್ಕಿ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಬೆಳೆದು ನೋಡಿದರು. 1880ರಲ್ಲಿ ಎ.ಎಚ್. ಶಾರ್ಪ್ ಎಂಬ ಪ್ಲಾಂಟರ್ ಪಾರ್ವತಿ ಎಂಬಲ್ಲಿ ಟೀ ನೆಟ್ಟ. ಟೀ ಹಿಡಿಯಿತು. 1897ರಲ್ಲಿ ಕಣ್ಣನ್ ದೇವನ್ ಹಿಲ್ಸ್ ಪ್ರೊಡ್ಯೂಸ್ ಕಂಪನಿ ಹುಟ್ಟಿತು, ಅದರ ಹಿಂದೆ ಸ್ಕಾಟ್‌ಲೆಂಡಿನ ಫಿನ್ಲೇ ಕಂಪನಿಯ ಬಂಡವಾಳ. ಬೆಟ್ಟಕ್ಕೆ ಬೆಟ್ಟವೇ ಹಸಿರು ಜಮಖಾನವಾಗುವ ಕೆಲಸ ಶುರುವಾಯಿತು.

ಬೆಳೆಯುವುದೇನೋ ಆಯಿತು, ಇಳಿಸುವುದು ಹೇಗೆ? ಟೀ ಬಹಳ ನಾಜೂಕಿನ ಸರಕು. ಪಕ್ಕದಲ್ಲಿ ಏನಿಟ್ಟರೂ ಅದರ ವಾಸನೆ ಹೀರಿಕೊಳ್ಳುತ್ತದೆ, ಒಂದಿಷ್ಟು ತೇವ ತಾಗಿದರೆ ಕೆಟ್ಟಿತು. ಅದಕ್ಕೇ ಮರದ ಪೆಟ್ಟಿಗೆಯ ಒಳಮೈಗೆ ಸೀಸದ ತಗಡು ಹೊದಿಸಿ, ತುಂಬಿ, ಮುಚ್ಚಿ ಕಳಿಸುತ್ತಿದ್ದರು. ಇಂಥ ಪೆಟ್ಟಿಗೆಯನ್ನು ಪಶ್ಚಿಮಕ್ಕೆ, ಆಲುವಾ ಕಡೆಗೆ ಇಳಿಸೋಣವೆಂದರೆ ದಾರಿಯುದ್ದಕ್ಕೂ ಕಾಡು, ಜಿಗಣೆ, ಆನೆ, ಎಲ್ಲಕ್ಕಿಂತ ಹೆಚ್ಚಾಗಿ ಮಳೆ. ಪೂರ್ವಕ್ಕೆ ಬೋಡಿನಾಯಕ್ಕನೂರಿನ, ಅಂದರೆ ಬೋಡಿಯ ಕಡೆ ಮಳೆಯ ನೆರಳಿನ ಪ್ರದೇಶ; ಒಣ ಬಯಲು. ಅಲ್ಲಿಗೆ ಮುಟ್ಟಿಸಿಬಿಟ್ಟರೆ ಟೀ ಬದುಕಿಕೊಂಡಂತೆ. ಹಾಗಾಗಿ ತಿರುವಾಂಕೂರು ಸಂಸ್ಥಾನದಲ್ಲಿ ಬೆಳೆದ ಟೀ ತಿರುವಾಂಕೂರಿಗೆ ಬೆನ್ನು ಹಾಕಿ ಮದ್ರಾಸ್ ಪ್ರಾಂತ್ಯಕ್ಕೆ ಇಳಿಯುವ ದಾರಿ ಹಿಡಿಯಿತು. ಗಡಿ, ಭಾಷೆ, ಸಂಸ್ಥಾನ ಇವೆಲ್ಲ ಮನುಷ್ಯರ ತಂಟೆ. ಟೀ ನೋಡಿದ್ದು ಒಣ ನೆಲವನ್ನು ಮಾತ್ರ.

ಮುನ್ನಾರಿನಿಂದ ಮಾಟ್ಟುಪೆಟ್ಟಿ, ಪಾಲಾರ್ ದಾಟಿ ಬೆಟ್ಟದ ಪೂರ್ವದ ಅಂಚಿನವರೆಗೆ ಕುಂಡಳ ಕಣಿವೆಯಲ್ಲಿ ಒಂದು ಗಾಡಿರಸ್ತೆ ಕಡಿದರು. 1902ರಲ್ಲಿ ಅದರ ಮೇಲೆ ಒಂದೇ ಒಂದು ಹಳಿ ಬಿತ್ತು. ಮಾನೋರೈಲು ಎಂದರೆ ಇವತ್ತಿನ ನಮಗೆ ಮುಂಬೈಯಲ್ಲಿ ಕಾಂಕ್ರೀಟು ತೊಲೆಯ ಮೇಲೆ ಹೋಗುವ ಬಣ್ಣದ ಡಬ್ಬಿ ನೆನಪಾಗುತ್ತದೆ. ಇದು ಅದಲ್ಲ. ಯೂಯಿಂಗ್ ಪದ್ಧತಿ ಎಂದು ಇದರ ಹೆಸರು. ರಸ್ತೆಯ ಒಂದು ಬದಿಯಲ್ಲಿ ಹಳಿ. ಗಾಡಿಯ ಸಣ್ಣ ಚಕ್ರಗಳು ಅದರ ಮೇಲೆ. ಇನ್ನೊಂದು ಪಕ್ಕದಲ್ಲಿ, ಉದ್ದನೆಯ ತೋಳಿನ ತುದಿಗೆ ಒಂದು ದೊಡ್ಡ ಚಕ್ರ. ಅದು ಮಣ್ಣಿನ ರಸ್ತೆಯ ಮೇಲೇ ಉರುಳುತ್ತದೆ. ಒಂದು ಕಾಲನ್ನು ಚರಂಡಿ ಕಟ್ಟೆಯ ಮೇಲಿಟ್ಟು ಇನ್ನೊಂದನ್ನು ಬೀದಿಗೆ ಊರುತ್ತ ಶಾಲೆಗೆ ಹೋಗುವ ಹುಡುಗನ ನಡಿಗೆ ನೋಡಿದ್ದೀರಲ್ಲ, ಅದೇ ನಡಿಗೆ. ಭಾರದ ನೂರಕ್ಕೆ 95 ಪಾಲಿನಷ್ಟು ಹಳಿಯ ಮೇಲೆಯೇ ಬೀಳುತ್ತದೆ. ರಸ್ತೆಯ ಚಕ್ರದ್ದು ಬರೀ ಸಮತೋಲನದ ಉದ್ಯೋಗ. ಎಳೆಯಲಿಕ್ಕೆ ಎತ್ತು.

ಕೇಳಿದರೆ ನಗು ಬರುತ್ತದೆ, ಆದರೆ ಲೆಕ್ಕ ಹಾಕಿದವನು ದಡ್ಡನಲ್ಲ. ಹಳಿಯ ಖರ್ಚು ಅರ್ಧಕ್ಕರ್ಧ ಉಳಿಯಿತು. ಎರಡು ಹಳಿಯನ್ನು ಕೂದಲೆಳೆಯ ವ್ಯತ್ಯಾಸವಿಲ್ಲದೆ ಸಮಾನಾಂತರವಾಗಿ ಕೂರಿಸುವ ತಲೆನೋವಿಲ್ಲ. ಬೆಟ್ಟದ ಕಿರಿದಾದ ತಿರುವಿನಲ್ಲೂ ತಿರುಗುತ್ತದೆ. ಉಳಿದ ರಸ್ತೆಯಲ್ಲಿ ಜನ, ಕುದುರೆ, ಕತ್ತೆ ಓಡಾಡಿಕೊಳ್ಳಬಹುದು. ಮಣ್ಣು ರಸ್ತೆಯಲ್ಲಿ ಒಂದು ಜೊತೆ ಎತ್ತು ಎಳೆಯಲಾರದ ಭಾರವನ್ನು ಕಬ್ಬಿಣದ ಹಳಿಯ ಮೇಲೆ ಸಲೀಸಾಗಿ ಎಳೆಯುತ್ತದೆ.

ಇದೇ ಪದ್ಧತಿಯನ್ನು ಆಮೇಲೆ ಪಂಜಾಬಿನ ಪಟಿಯಾಲ ಸಂಸ್ಥಾನದಲ್ಲೂ ತಂದರು. ಅಲ್ಲಿನ ಮಹಾರಾಜರ ಸೈನ್ಯದ ಲಾಯದಲ್ಲಿ ನೂರಾರು ಹೇಸರಗತ್ತೆಗಳು ಕೆಲಸವಿಲ್ಲದೆ ಮೇಯುತ್ತಿದ್ದವು. ಅವಕ್ಕೊಂದು ಉದ್ಯೋಗ ಬೇಕಿತ್ತು. ಕರ್ನಲ್ ಬೌಲ್ಸ್ ಎಂಬ ಎಂಜಿನಿಯರ್ 1907ರಿಂದ ಸುಮಾರು 80 ಕಿಲೋಮೀಟರ್ ಒಂಟಿ ಹಳಿ ಹಾಕಿದ. ಬರ್ಲಿನ್ನಿನ ಓರೆನ್‌ಸ್ಟೈನ್ ಅಂಡ್ ಕೊಪೆಲ್ ಕಂಪನಿಯಿಂದ ನಾಲ್ಕು ಉಗಿಬಂಡಿಗಳೂ ಬಂದವು. ಬಸ್ಸು ಕಾರು ಬಂದ ಮೇಲೆ 1927ರಲ್ಲಿ ಅದೂ ಮುಚ್ಚಿತು. ಆದರೆ ಪಟಿಯಾಲದ ಅದೃಷ್ಟ ನೋಡಿ: 1962ರಲ್ಲಿ ಮೈಕ್ ಸ್ಯಾಟೋ ಎಂಬ ರೈಲು ಇತಿಹಾಸಕಾರ ಅಲ್ಲಿನ ಲೋಕೋಪಯೋಗಿ ಇಲಾಖೆಯ ಅಂಗಳದಲ್ಲಿ ತುಕ್ಕು ಹಿಡಿಯುತ್ತಿದ್ದ ಎಂಜಿನ್ನನ್ನು ಪತ್ತೆ ಮಾಡಿದ. ಅದನ್ನು ಅಮೃತಸರದ ರೈಲ್ವೆ ಕಾರ್ಖಾನೆಯಲ್ಲಿ ರಿಪೇರಿ ಮಾಡಿ ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯಕ್ಕೆ ತಂದರು. ಅಲ್ಲಿ ಹೋದರೆ ಇವತ್ತಿಗೂ ಅದನ್ನು ಕಣ್ಣಾರೆ ನೋಡಬಹುದು. ರಾಜರ ಗಾಡಿಗೆ ದೆಹಲಿಯಲ್ಲಿ ಮನೆ ಸಿಕ್ಕಿತು, ಕಂಪನಿಯ ಗಾಡಿಗೆ ಒಂದು ಚಕ್ರ ಉಳಿಯಿತು.

ಪಟಿಯಾಲ ಬಯಲುಸೀಮೆ, ಹಾಗಾಗಿ ಅಲ್ಲಿ ಒಂಟಿ ಹಳಿ ನಡೆದೀತು. ಮುನ್ನಾರಿನ ಜುಲೈ ತಿಂಗಳಿನಲ್ಲಿ, ಆ ರಸ್ತೆಯ ಕೆಸರಿನಲ್ಲಿ ಸಮತೋಲನದ ದೊಡ್ಡ ಚಕ್ರದ ಗತಿ ಏನಾಗಿದ್ದೀತೆಂದು ಮಲೆನಾಡಿನವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಎತ್ತಿನ ಸಾಕಣೆಯೂ ಆ ಚಳಿಯಲ್ಲಿ ಸುಲಭದ್ದಲ್ಲ. ತೋಟ ಹಬ್ಬಿದಂತೆ ಪೆಟ್ಟಿಗೆಗಳೂ ಹೆಚ್ಚಿದವು. 1908ರಲ್ಲಿ ಕಂಪನಿ ಒಂಟಿ ಹಳಿಗೆ ಕೈಮುಗಿದು, ಎರಡಡಿ ಅಗಲದ ನ್ಯಾರೋಗೇಜ್ ಜೋಡಿ ಹಳಿ ಹಾಕಿ ಸಣ್ಣ ಉಗಿಬಂಡಿಗಳನ್ನು ತಂದಿತು. ಎತ್ತುಗಳಿಗೆ ನಿವೃತ್ತಿ.

ಈಗ ಈ ರೈಲಿನ ವಿಚಿತ್ರಕ್ಕೆ ಬರುತ್ತೇನೆ. ಸಾಮಾನ್ಯವಾಗಿ ಒಂದು ಸಣ್ಣ ರೈಲು ಎಲ್ಲೋ ಹೋಗಿ ದೊಡ್ಡ ರೈಲಿಗೆ ಸೇರಿಕೊಳ್ಳುತ್ತದೆ. ಇದು ಯಾವ ರೈಲಿಗೂ ಸೇರುತ್ತಿರಲಿಲ್ಲ. ಇದರ ಹಿಂದೆಯೂ ರೈಲಿಲ್ಲ, ಮುಂದೆಯೂ ರೈಲಿಲ್ಲ. ಕೆಳಗಿಳಿಸಬೇಕಾದ ಟೀಯನ್ನು ಇದು ಮೊದಲು ಮೇಲಕ್ಕೆ ಏರಿಸುತ್ತಿತ್ತು. ಮುನ್ನಾರಿಗಿಂತ ಎತ್ತರದ, ಸುಮಾರು 1,700 ಮೀಟರಿನ ಅಂಚೊಂದಕ್ಕೆ ಹೋಗಿ ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ನೆಲವೇ ಇಲ್ಲ, ಪ್ರಪಾತ. ಆ ನಿಲ್ದಾಣಕ್ಕೆ ಟಾಪ್ ಸ್ಟೇಷನ್ ಎಂದು ಹೆಸರು. ಅಲ್ಲಿ ಪೆಟ್ಟಿಗೆಗಳನ್ನು ಇಳಿಸಿ ರೋಪ್‌ವೇಗೆ ನೇತುಹಾಕಿದರೆ ಐದು ಕಿಲೋಮೀಟರ್ ಗಾಳಿಯಲ್ಲಿ ತೇಲಿ ಕೆಳಗಿನ ಕೊಟ್ಟಗುಡಿಗೆ ಇಳಿಯುತ್ತಿದ್ದವು. ಕೊಟ್ಟಗುಡಿ ಬಾಟಮ್ ಸ್ಟೇಷನ್, ನಡುವೆ ಒಂದು ಸೆಂಟ್ರಲ್ ಸ್ಟೇಷನ್. ಮೂರೂ ಹಗ್ಗದ ನಿಲ್ದಾಣಗಳು. ಅಲ್ಲಿಂದ ಬೋಡಿಗೆ ಹದಿನೈದು ಕಿಲೋಮೀಟರ್ ಎತ್ತಿನಗಾಡಿ. ಆಮೇಲೆ ಬಯಲಿನ ರಸ್ತೆ, ದೊಡ್ಡ ರೈಲು, ರೇವು, ಹಡಗು, ಇಂಗ್ಲೆಂಡು. ಲಂಡನ್ನಿನ ಒಂದು ಕಪ್ ಟೀಗಾಗಿ ಹಳಿ, ಹಗ್ಗ, ಎತ್ತು, ಹಬೆ ಎಲ್ಲವೂ ದುಡಿದವು.

ಹಗ್ಗದ ದಾರಿ ನಮಗೂ ಹೊಸದಲ್ಲ. ಕೆಮ್ಮಣ್ಣುಗುಂಡಿಯ ಅದಿರನ್ನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಮುಟ್ಟಿಸಲು ಮೈಸೂರು ಸಂಸ್ಥಾನವೂ ರೋಪ್‌ವೇ, ಟ್ರಾಮುಗಳನ್ನೇ ನೆಚ್ಚಿತ್ತು. ಅವೂ ಹೋದವು. ಬೆಟ್ಟದಿಂದ ಸರಕು ಇಳಿಸುವ ಯಂತ್ರಗಳಿಗೆ ಎಲ್ಲೆಡೆ ಒಂದೇ ಜಾತಕ ಬರೆದಿರುವಂತಿದೆ.

ಟೀ ಇಳಿದ ದಾರಿಯಲ್ಲೇ ಅಕ್ಕಿ ಏರುತ್ತಿತ್ತು. ಯಾಕೆಂದರೆ ಆ ತೋಟಗಳಲ್ಲಿ ದುಡಿದವರು ಬೋಡಿ ಕಡೆಯ ಬಯಲಿನಿಂದ ಕಂಗಾಣಿಗಳು, ಅಂದರೆ ಕೂಲಿ ಮೇಸ್ತ್ರಿಗಳು, ಕರೆತಂದ ತಮಿಳು ಕೂಲಿಯವರು. ಪೆಟ್ಟಿಗೆಗೆ ರೈಲು, ಮೂಟೆಗೆ ಹಗ್ಗ. ಆಳುಗಳು ಮಾತ್ರ ಘಾಟಿಯ ಕಾಲುದಾರಿಯಲ್ಲಿ ಮಕ್ಕಳನ್ನು ಕಂಕುಳಲ್ಲಿಟ್ಟು ನಡೆದೇ ಹತ್ತಿದರು. ಈ ರೈಲಿನ ಬಗ್ಗೆ ನನಗಿರುವ ಮಮತೆಯ ನಡುವೆ ಇದೊಂದು ಮುಳ್ಳು. ಹಳೆಯ ಫೋಟೋಗಳಲ್ಲಿ ಮುನ್ನಾರ್ ನಿಲ್ದಾಣದಲ್ಲಿ ಜನ ನಿಂತದ್ದೂ ಕಾಣುತ್ತದೆ, ಗಾಡಿಯಲ್ಲಿ ಒಂದಿಷ್ಟು ಮಂದಿ ಕೂತು ಹೋಗಿರಲೂ ಬಹುದು. ಆದರೆ ಹಳಿಯನ್ನು ಹಾಕಿದ್ದು ಅವರಿಗಾಗಿ ಅಲ್ಲ.

1924ರ ಜುಲೈ ನಡುವಿನಲ್ಲಿ ಮಳೆ ಹಿಡಿಯಿತು. ಮೂರು ವಾರದಷ್ಟು ಕಾಲ ಬಿಡಲಿಲ್ಲ. ಮಲಯಾಳಿಗಳ ಕೊಲ್ಲವರ್ಷದ ಲೆಕ್ಕದಲ್ಲಿ ಅದು 1099. ಆದ್ದರಿಂದ ಇವತ್ತಿಗೂ ಅದು ಅವರಿಗೆ ತೊಂಬತ್ತೊಂಬತ್ತರ ಪ್ರವಾಹ. ಅದೇ ಮಳೆಗಾಲದಲ್ಲಿ ಇತ್ತ ನಮ್ಮ ಕಾವೇರಿಯೂ ಹುಚ್ಚೆದ್ದು ಹರಿದಿದ್ದಳು. ಮುನ್ನಾರ್ ಇರುವುದೇ ಮುದಿರಪುಳ, ನಲ್ಲತಣ್ಣಿ, ಕುಂಡಳ ಎಂಬ ಮೂರು ಹೊಳೆಗಳು ಕೂಡುವಲ್ಲಿ. ಮಾಟ್ಟುಪೆಟ್ಟಿಯಲ್ಲಿ ಗುಡ್ಡಗಳು ಜರಿದು, ಮಣ್ಣು ಮರ ಅಡ್ಡ ಬಿದ್ದು, ಹೊಳೆಗೆ ತಾನಾಗಿಯೇ ಒಂದು ಕಟ್ಟೆ ಕಟ್ಟಿಕೊಂಡಿತಂತೆ. ಅದು ಒಡೆದಾಗ ಕೆಳಗಿನ ಕಣಿವೆಗೆ ಉಳಿಗಾಲವಿರಲಿಲ್ಲ. ಸೇತುವೆ, ಹಳಿ, ಪೇಟೆ ಎಲ್ಲ ನೀರಿನ ಬಾಯಿಗೆ ಹೋಯಿತು. ಪಶ್ಚಿಮದಲ್ಲಿ ಪೂಯಂಕುಟ್ಟಿ, ಮಾಂಕುಳಂ ಮೇಲೆ ಹಾದು ಬರುತ್ತಿದ್ದ ಹಳೆಯ ಆಲುವಾ ರಸ್ತೆಯೂ ಕರಿಂದಿರಿ ಬೆಟ್ಟ ಕುಸಿದು ಮುಚ್ಚಿಹೋಯಿತು. ಅತ್ತ ಕುಟ್ಟನಾಡಿನಲ್ಲಿ ಮುಳುಗಿದ ಮನೆಯ ಛಾವಣಿಯ ಮೇಲೆ ಒಂಟಿಯಾಗಿ ಉಳಿದ ನಾಯಿಯನ್ನು ಕುರಿತು ತಕಳಿ ಶಿವಶಂಕರ ಪಿಳ್ಳೆ ಕಥೆ ಬರೆದರು, ಅದು ಮಲಯಾಳದ ಮಕ್ಕಳಿಗೆಲ್ಲ ಗೊತ್ತು. ನಾಯಿಗೊಂದು ಕಥೆ ಸಿಕ್ಕಿತು. ರೈಲಿಗೆ ಅಂಥವರು ಯಾರೂ ಸಿಗಲಿಲ್ಲ.

ಕಂಪನಿ ರೈಲನ್ನು ಮತ್ತೆ ಕಟ್ಟಲಿಲ್ಲ. ಈ ಮಾತನ್ನು ಓದುವಾಗ ನಮ್ಮಂಥವರಿಗೆ ಕರುಳು ಚುರ್ ಎನ್ನುತ್ತದೆ. ಆದರೆ ಫಿನ್ಲೇ ಸಾಹೇಬರ ಲೆಕ್ಕದ ಪುಸ್ತಕಕ್ಕೆ ಕರುಳಿರಲಿಲ್ಲ. ಹೇಗೂ ಟಾಪ್ ಸ್ಟೇಷನ್‌ನಲ್ಲಿ ಹಗ್ಗದ ದಾರಿ ಇದ್ದೇ ಇತ್ತು. ಹಗ್ಗವನ್ನೇ ಮುನ್ನಾರಿನ ಕಡೆಗೆ ಇನ್ನಷ್ಟು ಎಳೆದರು. ಹಗ್ಗಕ್ಕೆ ಸೇತುವೆ ಬೇಡ, ಗುಡ್ಡ ಕಡಿಯುವುದು ಬೇಡ, ಹೊಳೆ ಉಕ್ಕಿದರೂ ಅದರ ಪಾದ ಒದ್ದೆಯಾಗದು. ಆಮೇಲೆ 1928ರಲ್ಲಿ ಎರಡು ಸಂಗತಿಗಳು ನಡೆದವು. ಮದುರೆಯಿಂದ ಬೋಡಿಗೆ ರೈಲು ಬಂತು. ಇಷ್ಟು ವರ್ಷ ಇಲ್ಲದ ದೊಡ್ಡ ರೈಲು, ಬೆಟ್ಟದ ಚಿಕ್ಕ ರೈಲು ಸತ್ತು ನಾಲ್ಕು ವರ್ಷಕ್ಕೆ ಬುಡಕ್ಕೆ ಬಂದು ನಿಂತಿತು. ಅದೇ ವರ್ಷ ಕೊಚ್ಚಿಯಲ್ಲಿ ರಾಬರ್ಟ್ ಬ್ರಿಸ್ಟೋ ಹೂಳೆತ್ತಿ ಮಾಡಿದ ಒಳಬಂದರಿಗೆ ಮೊದಲ ಹಡಗು ಹೊಕ್ಕಿತು. 1931ರಲ್ಲಿ ನೇರಿಯಮಂಗಲದ ಮೇಲೆ ಹೊಸ ಆಲುವಾ–ಮುನ್ನಾರ್ ರಸ್ತೆ ತೆರೆಯಿತು. ಟೀ ಇಷ್ಟು ಕಾಲ ಪೂರ್ವಕ್ಕೆ ಮಾಡಿದ್ದ ಮುಖವನ್ನು ನಿಧಾನವಾಗಿ ಪಶ್ಚಿಮಕ್ಕೆ ತಿರುಗಿಸಿತು. ಲಾರಿಗೆ ತೋಟದ ಬಾಗಿಲಿಗೇ ಬಂದು ಪೆಟ್ಟಿಗೆ ಹೇರಿಕೊಂಡು ನೇರ ಕೊಚ್ಚಿಗೆ ಹೋಗುವುದು ಸಾಧ್ಯವಾಯಿತು.

ಪ್ರವಾಹ ಬಾರದಿದ್ದರೆ ಕುಂಡಳ ರೈಲು ಇವತ್ತಿಗೂ ಇರುತ್ತಿತ್ತು, ಊಟಿಯ ರೈಲಿನಂತೆ ಯುನೆಸ್ಕೋ ಪಟ್ಟಿಗೆ ಸೇರುತ್ತಿತ್ತು ಎಂದು ಮುನ್ನಾರಿನ ಗೈಡುಗಳು ಹೇಳುತ್ತಾರೆ. ನನಗೆ ಅನುಮಾನ. ಊಟಿಗೆ, ಡಾರ್ಜಿಲಿಂಗಿಗೆ ಜನ ಹೋಗಬೇಕಿತ್ತು, ಸರ್ಕಾರ ಹೋಗಬೇಕಿತ್ತು. ಕುಂಡಳಕ್ಕೆ ಇದ್ದದ್ದು ಒಂದೇ ಸರಕು, ಒಬ್ಬನೇ ಯಜಮಾನ. ಯಜಮಾನನಿಗೆ ಅಗ್ಗದ ದಾರಿ ಸಿಕ್ಕ ದಿನ ಅದರ ಕಥೆ ಹೇಗೂ ಮುಗಿಯುತ್ತಿತ್ತು. ನೀರು ಅದನ್ನು ಹರೆಯದಲ್ಲಿ ಕೊಂದಿತು. ಇಲ್ಲದಿದ್ದರೆ ಲಾರಿ ಮುಪ್ಪಿನಲ್ಲಿ ಕೊಲ್ಲುತ್ತಿತ್ತು. ಪಟಿಯಾಲಕ್ಕೆ ಆದದ್ದೂ ಅದೇ ತಾನೆ.

ಟಾಪ್ ಸ್ಟೇಷನ್ನಿಗೂ ಹೋಗಿದ್ದೆ. ಮುನ್ನಾರಿನಿಂದ ಹೋಗುವ ರಸ್ತೆ ಅಲ್ಲಲ್ಲಿ ರೈಲಿನ ಹಾದಿಯನ್ನೇ ಹಿಡಿದು ಸಾಗುತ್ತದೆ. ಬೆಟ್ಟದ ಸೊಂಟ ಹಿಡಿದು ಏರಿಳಿತವಿಲ್ಲದೆ ಸುತ್ತುವ ತಿರುವು ಸಿಕ್ಕಿದಾಗ, ಇದು ಕಾರಿಗೆ ಮಾಡಿದ ತಿರುವಲ್ಲ ಎಂದು ಸೀಟಿನಲ್ಲಿ ಕೂತವರಿಗೂ ಗೊತ್ತಾಗುತ್ತದೆ. ಮೇಲೆ ಕ್ಯಾರೆಟ್ಟು, ಬೇಯಿಸಿದ ಜೋಳದ ತೆನೆ, ಪ್ಯಾಶನ್ ಹಣ್ಣು ಮಾರುವ ಅಂಗಡಿಗಳ ಸಾಲು. ನೆಲ ತಮಿಳುನಾಡಿನದು, ಗಿರಾಕಿಗಳು ಕೇರಳದ ಕಡೆಯಿಂದ ಬರುವವರು. ಟೀ ಅಂಗಡಿಯ ಅಜ್ಜನನ್ನು ನನ್ನ ಹರುಕು ಮುರುಕು ತಮಿಳಿನಲ್ಲಿ "ಅಯ್ಯಾ, ಸ್ಟೇಷನ್ ಎಲ್ಲಿದೆ?" ಎಂದು ಕೇಳಿದೆ. ಆತ ಲೋಟ ಎತ್ತಿ ಟೀ ನೊರೆ ಬರಿಸುತ್ತ, ವ್ಯೂ ಪಾಯಿಂಟಿನ ಕಡೆ ಗಲ್ಲ ತೋರಿಸಿದ. ರೈಲು ನಿಲ್ಲುತ್ತಿದ್ದ ಜಾಗ ಎಂದೆ. "ಅದು ವೆಳ್ಳದಲ್ಲಿ ಹೋಯ್ತು ಸಾರ್, ನಮ್ಮ ತಾತನ ಕಾಲದಲ್ಲಿ. ಅಲ್ಲಿ ಕಲ್ಲು ಇದೆ, ಹುಲ್ಲು ಇದೆ" ಎಂದ. ಹೋಗಿ ನೋಡಿದೆ. ಆತ ಹೇಳಿದ್ದರಲ್ಲಿ ಒಂದು ಮಾತೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಗ್ಗದ ದಾರಿಯ ಕಟ್ಟಡದ ಪಳೆಯುಳಿಕೆ ಒಂದಿಷ್ಟು ಇದೆ. ಮಂಜು ಸರಿದಾಗ ಕೆಳಗೆ ಬಹಳ ಆಳದಲ್ಲಿ ತೇನಿ ಜಿಲ್ಲೆಯ ಬಯಲು ಬಿಸಿಲಲ್ಲಿ ಬಿದ್ದಿರುವುದು ಕಾಣುತ್ತದೆ. ಟೀ ಪೆಟ್ಟಿಗೆಗಳು ಈ ನೋಟವನ್ನು ದಿನವೂ ಪುಕ್ಕಟೆ ನೋಡಿದವು.

ಕೆಳಗಿನ ಬೋಡಿಯ ರೈಲೂ ಕಷ್ಟ ಕಂಡಿದೆ. ಗೇಜ್ ಬದಲಾವಣೆಗೆಂದು 2010ರ ಕೊನೆಗೆ ಮುಚ್ಚಿದ್ದು, ಜನ ಆಸೆ ಬಿಟ್ಟ ಮೇಲೆ, 2023ರ ಜೂನಿನಲ್ಲಿ ಬ್ರಾಡ್‌ಗೇಜಾಗಿ ಮರಳಿತು. ಹೋದ ರೈಲು ಬರುವುದೇ ಇಲ್ಲ ಎನ್ನುವಂತಿಲ್ಲ. ಮುನ್ನಾರಿನಲ್ಲೂ ಹಳೆಯ ಸ್ಟೇಷನ್ ಕಟ್ಟಡ ಈಗ ಟೀ ಕಂಪನಿಯ ಕಚೇರಿಯಾಗಿದೆ. ಪ್ರವಾಸಿಗರಿಗಾಗಿ ಈ ರೈಲಿಗೆ ಮರುಜೀವ ಕೊಡಬೇಕು ಎಂಬ ಮಾತು ಕೇರಳದ ಪ್ರವಾಸೋದ್ಯಮ ಇಲಾಖೆಯ ಬಾಯಲ್ಲಿ ಕೆಲವು ವರ್ಷಗಳ ಹಿಂದೆ ಬಂದಿತ್ತು, ಡಾರ್ಜಿಲಿಂಗ್ ರೈಲಿನವರ ಸಲಹೆಯನ್ನೂ ಕೇಳಿದ್ದರು. ಆದರೆ ಹಳಿ ಮಾತ್ರ ಬಿದ್ದಿಲ್ಲ.

ಬೀಳುವುದಾದರೆ ಬೀಳಲಿ, ನನ್ನ ತಕರಾರಿಲ್ಲ. ಗಾಜಿನ ಡಬ್ಬಿ ಹಾಕಲಿ, ಸೆಲ್ಫಿಗೆ ಜಾಗ ಬಿಡಲಿ, ಟಿಕೆಟ್ಟಿಗೆ ಸಾವಿರ ರೂಪಾಯಿ ಇಡಲಿ. ನಾನೂ ನನ್ನವಳೂ ಸಾಲಿನಲ್ಲಿ ನಿಂತು ಕೊಳ್ಳುತ್ತೇವೆ. ಆದರೆ ಯೋಜನೆ ಬರೆಯುವ ಅಧಿಕಾರಿಗಳಿಗೆ ಒಂದು ಅರಿಕೆ: ಗಾಡಿಯ ಕೊನೆಗೆ ಒಂದೇ ಒಂದು ಗೂಡ್ಸ್ ಡಬ್ಬಿಯನ್ನೂ ಸಿಕ್ಕಿಸಿ, ಅದರಲ್ಲಿ ನಾಲ್ಕು ಪೆಟ್ಟಿಗೆ ಟೀಯನ್ನೂ ಇಡಿ. ಕಡೆಯಲ್ಲಿ ಬರಲಿ ಪರವಾಗಿಲ್ಲ, ರೈಲು ಅವುಗಳದೇ.